ಅಗುಳಿ

ವಾರ್ಡೊ ಬಂದರಿನ ತೂಕದ ಕೋಣೆಯಲ್ಲಿ
ಮೇಜಿನ ಕೆಳಗೆ, ರಬ್ಬರ್ ಬೂಟುಗಳ ಪಕ್ಕ
ಒಂದು ಹಳೆಯ ಕಂಪ್ಯೂಟರು,
ಅದರೊಳಗೆ ಒಂದೇ ಒಂದು ಕಡತ.
ಕಾಯಲು ಸರ್ವರಿಲ್ಲ, ಬಾಗಿಲಲ್ಲಿ ಜವಾನನಿಲ್ಲ,
ಬಂದವರು ಬಂದ ಹಾಗೆ ಕೈಯಿಕ್ಕುವ ಉಪ್ಪಿನ ಮರಿಗೆ.

ಕೈಯಿಕ್ಕುವವು ಮೂರು.
ತೂಕ ಬರೆಯುವುದು ಐಲರ್ಟನ ಪ್ರೋಗ್ರಾಮು,
ಮಂಜುಗಡ್ಡೆಯ ಲೆಕ್ಕ ಸಿಗ್ನೆಯದು,
ಸಂಬಳದ್ದು ಟ್ರೊಮ್ಸೊದ ಯಾವುದೋ ಕಂಪನಿಯದು,
ಶುಕ್ರವಾರ ಮಾತ್ರ ಕಣ್ಣು ಬಿಡುತ್ತದೆ.
ಒಂದು ಇನ್ನೊಂದರ ಮುಖ ಕಂಡಿಲ್ಲ.
ಒಂದೇ ಒರಳಿಗೆ ಮೂರು ಒನಕೆ;
ಪೆಟ್ಟು ತಾಗದಿರಲು ಇರುವುದು ಒಂದೇ ಕಟ್ಟಳೆ:
ಓದುವವರು ಎಷ್ಟು ಜನವಾದರೂ ಬಗ್ಗಿ ಓದಿಕೊಳ್ಳಲಿ,
ಬರೆಯುವವನು ಅಗುಳಿ ಹಾಕಿಕೊಳ್ಳಲಿ,
ಬರೆದು, ತೆಗೆದು, ಸರಿಯಲಿ.

ಹದಿನಾಲ್ಕು ವರ್ಷ ಹೀಗೇ ನಡೆಯಿತು.
ನಾನು ಅದರ ಪಕ್ಕ ಕೂತು ಕಾಫಿ ಕುಡಿದೆ.

ಫೆಬ್ರವರಿಯ ಒಂದು ಬೆಳಿಗ್ಗೆ ಕರೆಂಟು ಹೋಗಿ ಬಂತು.
ಹೊರಗೆ ಹನ್ನೊಂದು ದೋಣಿ,
ತೊಟ್ಟಿಗಳಲ್ಲಿ ಬಾಯಿ ತೆರೆದ ಕಾಡ್ ಮೀನು.
ಪರದೆ ಅನ್ನುತ್ತದೆ: ಬೀಗ ಬಿದ್ದಿದೆ, ಕಾಯಿರಿ.
ಯಾರು ಹಾಕಿದ್ದು?
ಸಿಗ್ನೆ ಫೋನಿನಲ್ಲಿ: "ನನ್ನದೂ ಕಾಯುತ್ತಾ ಇದೆ."
ಟ್ರೊಮ್ಸೊದವರು: "ನಮ್ಮದು ಶುಕ್ರವಾರ."
ಅವತ್ತು ಬುಧವಾರ.
ಐಲರ್ಟ್ ತೀರಿಕೊಂಡು ಎರಡು ಚಳಿಗಾಲ.

ಹುಡುಕಿದೆ. ಉಗುರಿನಷ್ಟು ಬೀಗದ ಕಡತ,
ಹಾಕಿದವನ ಹೆಸರು ಅವನದೇ.
ಅವನ ಪಾಸ್‌ವರ್ಡಿನಲ್ಲೇ ನಾವಿನ್ನೂ ತೂಗುತ್ತಿದ್ದೆವು.
ಬರೆಯುವ ನಡುವೆ ಸತ್ತ ಪ್ರೋಗ್ರಾಮು
ಒಳಗಿನಿಂದ ಅಗುಳಿ ಹಾಕಿ ಹೋಗಿತ್ತು,
ತೆಗೆಯಲು ಒಳಗೆ ಯಾರೂ ಇರಲಿಲ್ಲ.

ಅಳಿಸಲು ಹೆದರಿದೆ.
ಅರ್ಧ ಬರೆದದ್ದು ಯಾವ ದೋಣಿಯ ಮೀನೋ!
ಹೊಸ್ತಿಲಲ್ಲಿ ಒಡ್ವಾರ್ ಬೂಟು ಕುಟ್ಟುತ್ತಿದ್ದ.
ಅಳಿಸಿಬಿಟ್ಟೆ.
ಕಡತ ತನ್ನ ಅರ್ಧ ಸಾಲನ್ನು ತಾನೇ ನುಂಗಿ
ಹಿಂದಿನ ಪೂರ್ತಿ ಸಾಲಿಗೆ ಹೋಗಿ ನಿಂತಿತು.
ಒಡ್ವಾರನ ತೊಟ್ಟಿ ಮತ್ತೆ ತೂಗಿದೆವು,
ನಾನೂರ ಹನ್ನೆರಡು ಕಿಲೊ.
ಅವನು ನಾನೂರ ಇಪ್ಪತ್ತು ಅಂದ. ಅದು ಎಂದಿನದೇ.

ಆ ಗಡಿಬಿಡಿಯಲ್ಲಿ ಇನ್ನೊಂದು ಕಂಡಿತು.
ಕೋಷ್ಟಕದ ತೀರಾ ಕೊನೆಗೆ
'ಬೇರೆ' ಅಂತ ಒಂದು ಕಂಬಸಾಲು, ಐಲರ್ಟ್ ಸೇರಿಸಿದ್ದು.
ಮಿಕ್ಕ ಎರಡೂ ಅದನ್ನು ಮುಟ್ಟದೆ ದಾಟುತ್ತವೆ,
ಊಟದ ಸಾಲಿನಲ್ಲಿ ಬೇರೆಯವರ ತಟ್ಟೆ ದಾಟಿದ ಹಾಗೆ.
ಪ್ರತಿ ಶನಿವಾರ ಎರಡು ಕಿಲೊ, ತಾನಾಗಿ ಕಳೆದದ್ದು.
ಬಿಲ್ಲಿಲ್ಲ. ಹೆಸರಿಲ್ಲ.
ಅವನು ಹೋದ ಮೇಲೂ ಒಂದು ವಾರ ತಪ್ಪಿಲ್ಲ;
ನಾನು ತಕ್ಕಡಿಯನ್ನು ಬೈದುಕೊಂಡು
ಉಳಿದ ಮೀನು ಮನೆಗೆ ಒಯ್ಯುತ್ತಿದ್ದೆ.

"ಬಳಕೆಯಲ್ಲಿಲ್ಲ, ತೆಗೆದುಬಿಡೋಣವೆ?"
ಅಂದರು ಟ್ರೊಮ್ಸೊದವರು.
ಕಡತ ನಿಮ್ಮೊಬ್ಬರದಲ್ಲವಲ್ಲ, ಅಂದೆ.

ಆ ಶನಿವಾರ, ಯಾರಿಗೆಂದು ತಿಳಿಯದೆ,
ಎರಡು ಕಿಲೊ ತೂಗಿ
ಹಿಂಬಾಗಿಲ ಆಚೆ ಬಕೆಟ್ಟಿನಲ್ಲಿ ಇಟ್ಟೆ.

ಸೋಮವಾರ ಬಕೆಟ್ಟು
ತೊಳೆದು ಬೋರಲು ಹಾಕಿತ್ತು.