ತಪ್ಪಕ್ಷರ

ಆಗಸ್ಟಿನ ಕೊನೆಗೆ ಮಯೋರ್ಕಾ ದ್ವೀಪದಲ್ಲಿ
ಕೊಲೋಮಾ ಟೊಮೆಟೊ ಪೋಣಿಸುತ್ತಾಳೆ.
ದಬ್ಬಣದಂಥ ಸೂಜಿ, ಹತ್ತಿಯ ಹುರಿ,
ತೊಟ್ಟಿಗೆ ತೊಟ್ಟು ತಾಗಿಸಿ ಗಂಟು.
ಹೂ ಕಟ್ಟುವವರ ಬೆರಳು ನೋಡಿದ್ದೀರಲ್ಲ, ಹಾಗೆ;
ಆದರೆ ಈ ಮಾಲೆ ಯಾವ ದೇವರಿಗೂ ಅಲ್ಲ,
ಅಡುಗೆಮನೆಯ ತೊಲೆಗೆ.

ಇನ್ನೂ ದೋರೆ. ಹಸಿರು ಬಿಟ್ಟಿಲ್ಲ, ಕೆಂಪು ಮುಟ್ಟಿಲ್ಲ.
ಪೇಟೆಯ ಟೊಮೆಟೊ ಆಗಿದ್ದರೆ ಇಷ್ಟರಲ್ಲಿ
ಒಂದು ಉಸಿರು ಬಿಟ್ಟು, ಆ ಉಸಿರು
ಪಕ್ಕದ್ದರ ಸಿಪ್ಪೆ ತೂರಿ, ಅದೂ ಉಸಿರು ಬಿಟ್ಟು,
ಬುಟ್ಟಿಗೆ ಬುಟ್ಟಿಯೇ ಒಂದು ವಾರದಲ್ಲಿ
ಕೆಂಪಾಗಿ, ಮೆತ್ತಗಾಗಿ, ನೊಣ ಕರೆಯುತ್ತಿತ್ತು.
ಇವು ಮಾತ್ರ ಡಿಸೆಂಬರಿನಲ್ಲೂ ತೂಗುತ್ತವೆ,
ಬಾದಾಮಿ ಮರ ಹೂ ಬಿಟ್ಟ ಮೇಲೂ,
ತುಸು ಸುಕ್ಕಿ, ತುಸು ಬಾಡಿ,
ಗಟ್ಟಿ.

ಪಾಲ್ಮಾದ ಪ್ರಯೋಗಾಲಯದಿಂದ ಮಾರ್ಗಲಿದಾ ಬಂದಳು.
ಗಾಜಿನ ಭರಣಿಯಲ್ಲಿ ಸೇಬಿನ ಜೊತೆ
ಕೊಲೋಮಾಳ ಎರಡು ಕಾಯಿ ಕೂಡಿಹಾಕಿದಳು.
ಸೇಬು ಹಗಲೂ ರಾತ್ರಿ ಎಥಿಲೀನ್ ಬಿಟ್ಟಿತು,
ಮದುವೆಗೆ ಕರೆಯಲು ಬಂದ ನೆಂಟನ ಹಾಗೆ
ಬಾಗಿಲು ತಟ್ಟಿಯೇ ತಟ್ಟಿತು.
ಕಾಯಿ ನಾಚಿದಂತೆ ಕೊಂಚ ಕಿತ್ತಳೆಯಾದವು, ಅಷ್ಟೆ.

"ಕರೆದದ್ದು ಕೇಳುತ್ತೆ," ಎಂದಳು ಮಾರ್ಗಲಿದಾ,
"ಒಳಗೆ ಅಪ್ಪಣೆ ಕೊಡುವವನ ನಾಲಗೆ ತೊದಲು.
ಹಣ್ಣಾಗು ಎಂದು ಬರೆದಿಟ್ಟ ಜೀನಿನಲ್ಲಿ
ಒಂದೇ ಒಂದು ಅಕ್ಷರ ಬದಲಾಗಿದೆ."

ಕೊಲೋಮಾಗೆ ಕಿವಿ ಮಂದ.
"ಏನು ಬದಲಾಗಿದೆ?"
"ಅಕ್ಷರ! ಕೊಲೋಮಾ, ಅಕ್ಷರ! ತಪ್ಪು!"
"ಯಾರು ಮಾಡಿದ್ದು?"
"ಯಾರೂ ಅಲ್ಲ. ನಕಲು ಮಾಡುವಾಗ, ಹೇಗೋ."

ನನ್ನ ಭಾಷೆಯಲ್ಲೂ ಹಾಗೇ: ಒಂದು ಕೊಂಬು
ಹೆಚ್ಚು ಬಿದ್ದರೆ ಹಣ್ಣು ಹುಣ್ಣು.
ಕಾಯಿ ಎಂದರೆ ಇನ್ನೂ ಹಣ್ಣಾಗದ್ದು,
ಕಾಯಿ ಎಂದರೆ, ಸ್ವಲ್ಪ ತಡಿ ಎಂದೂ.

ಕೊಲೋಮಾ ಗಂಟು ಹಾಕುವುದು ನಿಲ್ಲಿಸಲಿಲ್ಲ.
"ನೀನು ಈಗ ಓದಿದೆ.
ಯಾವಳೋ ಒಬ್ಬಳು ಮೊದಲೇ ಓದಿದ್ದಳು.
ಮಾರ್ಚ್ ತಿಂಗಳು, ಹಿಟ್ಟಿನ ಡಬ್ಬದ ತಳ,
ತೊಲೆ ನೋಡುತ್ತಾಳೆ: ಎಲ್ಲ ಕೊಳೆತು ಸುರಿದಿವೆ,
ಒಂದು ಮಾತ್ರ ಇದೆ.
ಹಸಿದವಳು, ತಿಂದಳು ಅಂತಿಟ್ಟುಕೋ.
ಬೀಜ ಉಗುಳಿ ಇಟ್ಟಳಲ್ಲ!"

ಮಾರ್ಗಲಿದಾ ಬರೆದುಕೊಳ್ಳಲು ಹೋಗಿ ಬಿಟ್ಟಳು.
ಆ ಹೆಂಗಸಿಗೆ ಅವಳ ಪಟ್ಟಿಯಲ್ಲಿ ಕಾಲಂ ಇರಲಿಲ್ಲ.

ಫೆಬ್ರವರಿಯಲ್ಲಿ ಮತ್ತೆ ಬಂದಾಗ
ತೊಲೆಯಿಂದ ಒಂದನ್ನು ಕಿತ್ತು, ಅಡ್ಡ ಕೊಯ್ದು,
ಉಪ್ಪಿಲ್ಲದ ಕಂದು ಬ್ರೆಡ್ಡಿನ ಮೇಲೆ
ಸಿಪ್ಪೆಯಷ್ಟೇ ಉಳಿಯುವವರೆಗೆ ಉಜ್ಜಿದಳು ಕೊಲೋಮಾ.
ಮೇಲೆ ಆಲಿವ್ ಎಣ್ಣೆ. ಹುಳಿ ಇನ್ನೂ ಚುರುಕು.
ಇನ್ನರ್ಧದ ಬೀಜ ಹಳೆಯ ಪತ್ರಿಕೆಯ ಮೇಲೆ ಹರವಿ
ಕಿಟಕಿಯಲ್ಲಿಟ್ಟಳು.

ನಾಲ್ಕು ದಿನಕ್ಕೆ ಒಣಗಿ ಅಂಟಿದ್ದವು.
ಉಗುರಲ್ಲಿ ಒಂದೊಂದಾಗಿ ಎಬ್ಬಿಸುವಾಗ
ಒಂದು ಬೀಜದ ಬೆನ್ನಿಗೆ
ಯಾವುದೋ ಸುದ್ದಿಯ ಒಂದಕ್ಷರ ಹತ್ತಿ ಬಂತು.
ಕನ್ನಡಕ ಏರಿಸಿ ನೋಡಿದಳು. ತಿಳಿಯಲಿಲ್ಲ.
ಅದನ್ನೂ ಪೊಟ್ಟಣಕ್ಕೆ ಹಾಕಿದಳು.