ಒಂದು ಅಂಜೂರದ ಲೆಕ್ಕ

ಮೂರು ಸಾವಿರ ಮೀಟರ್ ಎತ್ತರದಲ್ಲಿ, ಆಂಡಿಸ್ ಬೆನ್ನ ಮೇಲೆ,
ನಮ್ಮದೊಂದು ದೊಡ್ಡ ತಗಡಿನ ಚಾವಡಿ.
ಆಚೆ ಅರ್ಜೆಂಟೀನಾ, ಈಚೆ ಚಿಲಿ,
ನಡುವೆ ಉಕ್ಕಿನ ಮೇಜು, ಮೇಜಿನ ಹಿಂದೆ ನಾನು.
ನಾಯಿಯ ಹೆಸರು ತ್ರೂಫಾ; ಎಲ್ಲರೂ ಕೇಳುತ್ತಾರೆ.
ನನ್ನ ಹೆಸರು ಎದೆಯ ಮೇಲೇ ಇದೆ; ಯಾರೂ ಓದುವುದಿಲ್ಲ.

ತಲೆಗೆ ಎರಡೂವರೆ ಲೀಟರ್ ಮದ್ಯ,
ನಾನೂರು ಸಿಗರೇಟು,
ಮೈಗೆ ಪೂಸಿಕೊಳ್ಳುವಷ್ಟು ಅತ್ತರು, ಮಾರುವಷ್ಟಲ್ಲ.
ಇಷ್ಟಕ್ಕೆ ಸುಂಕವಿಲ್ಲ.
ಕುಡಿದು ಸೇದಿ ಕೆಡುವುದಕ್ಕೆ ಸರ್ಕಾರದ ಕೈ ಧಾರಾಳ.
ಹಣ್ಣು ಮಾತ್ರ ಒಂದೂ ಕೂಡದು.
ಒಂದು ನೊಣ, ಅದರ ಒಂದು ಮೊಟ್ಟೆ,
ಕೆಳಗಿನ ಕಣಿವೆಯ ತೋಟಗಳೆಲ್ಲ ಅದಕ್ಕೆ ನಡುಗುತ್ತವೆ.

ಗೆರೆ ದಾಟುವವರೆಗೆ ಹಣ್ಣು ಅವರದೇ.
ಹಾಗಾಗಿ ಸಾಲಿನಲ್ಲಿ ನಿಂತೇ ತಿನ್ನುತ್ತಾರೆ:
ಗಂಡ ಸೇಬು, ಹೆಂಡತಿ ಸೇಬು, ಮಗುವಿನ ಬಾಯಿಗೆ ಬಾಳೆ.
ಹಸಿವಿಲ್ಲದವರು ಅಷ್ಟು ಗಂಭೀರವಾಗಿ ತಿನ್ನುವುದನ್ನು
ನಾನು ಬೇರೆಲ್ಲೂ ಕಂಡಿಲ್ಲ.

ಸುಂಕದವರ ಮುಂದೆ ಸುಖದುಃಖ ಹೇಳಬಾರದಂತೆ.
ಹೇಳುತ್ತಾರೆ. ಝಿಪ್ ಎಳೆದರೆ ಸಾಕು, ಬಾಯಿಯೂ ಬಿಚ್ಚಿಕೊಳ್ಳುತ್ತದೆ.
ಈ ಜೇನು ಮೊಮ್ಮಗನ ಕೆಮ್ಮಿಗೆ.
ಈ ಸಾಸೇಜು ಭಾವನೊಡನೆ ಬಾಜಿ ಸೋತದ್ದಕ್ಕೆ.
ನಾನು ತಲೆ ಆಡಿಸುತ್ತೇನೆ, ತೂಗುತ್ತೇನೆ, ಬರೆಯುತ್ತೇನೆ.

ಮಾರ್ಚಿನ ಒಂದು ಬೆಳಗಿನ ಜಾವ, ಮೆಂದೋಸಾದ ಬಸ್ಸು.
ಕಂದು ಶಾಲಿನ ಹೆಂಗಸೊಬ್ಬಳ ಬುಟ್ಟಿಯ ಮುಂದೆ
ತ್ರೂಫಾ ಕೂತಳು.
ತ್ರೂಫಾ ಕೂತರೆ ಮುಗಿಯಿತು.

ನಮೂನೆಯಲ್ಲಿ ಅವಳ ಗುರುತು
‘ಹೌದು’ ‘ಇಲ್ಲ’ಗಳ ನಡುವಿನ ಖಾಲಿಯಲ್ಲಿ ಬಿದ್ದಿತ್ತು.
‘ಇಲ್ಲ’ದೊಳಗೆ ಬಿದ್ದಿದ್ದರೆ ದಂಡ.
ಹೊಸ ನಮೂನೆ ಕೊಟ್ಟೆ. ಅಷ್ಟು ನನ್ನ ಕೈಯಲ್ಲಿತ್ತು.

ಬುಟ್ಟಿಯಲ್ಲಿ ಹನ್ನೆರಡು ಅಂಜೂರ,
ಒಂದೊಂದಕ್ಕೂ ಹಳೆಯ ಪತ್ರಿಕೆಯ ಅಂಗಿ.
ಹೆಸರು ಎರ್ಮೆಲಿಂದಾ. ಅಕ್ಕ ಓತಿಲಿಯಾ ಕಿಯೋತಾದಲ್ಲಿ.
ತಾಯಿ ಸತ್ತಾಗ ಪಾಲಾಯಿತು:
ಮರ ಇವಳಿಗೆ, ಹೊಲಿಗೆ ಯಂತ್ರ ಅಕ್ಕನಿಗೆ.
ನಡುವೆ ಒಂದು ಮಾತು ಬಂತು.
ಆ ಮಾತು ಏನೆಂದು ಅವಳು ಹೇಳಲಿಲ್ಲ;
ಒಂಬತ್ತು ವರ್ಷ ಎಂದಷ್ಟೇ ಹೇಳಿದಳು.

“ಕುದಿಸಿ ಜಾಮ್ ಮಾಡಿದ್ದರೆ ಬಿಡುತ್ತಿದ್ದೆವು” ಎಂದೆ.
“ಕುದಿಸಿದ್ದು ಸಾಕಾಗಿದೆ, ತಾಯಿ” ಎಂದಳು.

ಅತ್ತಿಯ ಹಣ್ಣು ಬಿಚ್ಚಿದರೆ ಹುಳು, ಗೊತ್ತಿದ್ದ ಮಾತೇ.
ಅಂಜೂರ ಅತ್ತಿಗೆ ದಾಯಾದಿ.
ಕೈಗವಸು ಹಾಕಿ ಒಂದನ್ನು ಸೀಳಿದೆ.
ಹುಳುವಿರಲಿಲ್ಲ.
ಕೆಂಪು, ಬರೀ ಕೆಂಪು, ಒಳಗೆ ಯಾರೋ ದೀಪ ಹಚ್ಚಿಟ್ಟಂತೆ.
ಹುಳುವಿಲ್ಲ ಎಂದರೂ ಕಾನೂನು ಕಾನೂನೇ.

ಅವಳು ಗೆರೆಯ ಆಚೆ ಹೋಗಿ ನಿಂತಳು.
ತಿನ್ನತೊಡಗಿದಳು.
ಎರಡು. ಮೂರು. ಬಸ್ಸಿನವರನ್ನು ಕರೆದಳು.
ಡ್ರೈವರ್ ಒಂದು ತಿಂದ, ಬೆನ್ನಚೀಲದ ಹುಡುಗರಿಬ್ಬರು ತಿಂದರು,
ಹಲ್ಲಿಲ್ಲದ ಮುದುಕನೊಬ್ಬ ಕಣ್ಣು ಮುಚ್ಚಿ ಚೀಪಿದ.
ನಾನು ಸೀಳಿದ್ದನ್ನೂ ಅವಳೇ ತಿಂದಳು.
ಹೊರಗೆ ಬೆಟ್ಟದ ತುದಿಗೆ ಬಿಸಿಲು ತಾಗಿತ್ತು.
ಹಿಂದಿನ ಬಸ್ಸು ಹಾರ್ನ್ ಹೊಡೆಯುತ್ತಿತ್ತು.

ಕೊನೆಯದನ್ನು ಮೇಜಿನ ಮೇಲಿಟ್ಟು
ಎದೆಯ ಬಿಲ್ಲೆ ಓದಿದಳು: “ಇನೆಸ್ ಒಯಾರ್ಸುನ್, ಇದು ನಿನಗೆ.”
ತೆಗೆದುಕೊಳ್ಳುವಂತಿಲ್ಲ ಎಂದೆ.
“ಹಾಗಾದರೆ ಮುಟ್ಟುಗೋಲು ಹಾಕಿಕೋ” ಎಂದಳು.

ಬೆರಳುಗಳಿಗೆ ಹಾಲು ಮೆತ್ತಿತ್ತು, ತೊಳೆದುಕೊಳ್ಳಲಿಲ್ಲ.
ಬುಟ್ಟಿ ಖಾಲಿ, ಬಾಯಿ ಸಿಹಿ, ಶಾಲು ಸರಿಮಾಡಿಕೊಂಡು ದಾಟಿದಳು.
ಅಂಜೂರಕ್ಕೆ ಗೊರಟೆ ಇಲ್ಲ; ಬೀಜ ಮಾತ್ರ, ಸಾವಿರ.
ಅವಳ ಹೊಟ್ಟೆಯಲ್ಲಿ ಅವೆಲ್ಲ ಗಡಿ ದಾಟಿದವು.
ಅದಕ್ಕೆ ಅನ್ವಯಿಸುವ ಕಲಮು ನನಗೆ ಗೊತ್ತಿಲ್ಲ,
ಹುಡುಕಲೂ ಇಲ್ಲ.

ಪಾಳಿ ಮುಗಿದಾಗ ದಾಖಲೆ ಬರೆದೆ:
ಅಂಜೂರ, ತಾಜಾ, ಒಂದು. ತೂಕ ಅರವತ್ತೆರಡು ಗ್ರಾಂ.
ನಾಶಪಡಿಸಲಾಗಿದೆ.
ಹೇಗೆ ಎಂದು ಕೇಳುವ ಖಾನೆ
ಆ ಪುಸ್ತಕದಲ್ಲಿಲ್ಲ.
ತ್ರೂಫಾ ನನ್ನ ಮುಂದೆ ಬಂದು
ಕೂತಳು.