ಮೂರನೆಯದನ್ನು ಬಿಟ್ಟುಬಿಡು

ಆ ಪೆಟ್ಟಿಗೆ ಮುಟ್ಟಬೇಡ, ಅದು ಹೆಸರಾದವರದ್ದು.
ಅವರಿಗೆ ನಾನೂ ಬೇಕಿಲ್ಲ, ನೀನೂ.
ಕೆಳಗೆ ಬಾ, ಮೆಟ್ಟಿಲು ಜಾರುತ್ತದೆ,
ಬೂಟಿನ ಹಿಮ ಅಲ್ಲೇ ಒದರು.
ತಾರ್ತುವಿನಲ್ಲಿ ನೆಲಮಾಳಿಗೆಗೆ ಬಾಡಿಗೆ ಕಡಿಮೆ.
ಹೊಳೆ ಉಕ್ಕಿದ ವರ್ಷ ಮಾತ್ರ
ಕೆಳಸಾಲಿನ ಜಾಝ್ ಎಲ್ಲ ಈಜು ಕಲಿತಿತ್ತು.

ಇದು ತಗೋ. ‘ತಣ್ಣನೆಯ ಹಾಲು.’
ಹೌದು, ಬ್ಯಾಂಡಿನ ಹೆಸರೇ ಅದು. ನಗು, ಎಲ್ಲರೂ ನಗುತ್ತಾರೆ.
ಡೇರಿಯ ನಾಲ್ವರು, ಎಪ್ಪತ್ತೆಂಟನೇ ಇಸವಿ,
ಸಾಮೂಹಿಕ ಫಾರ್ಮಿನ ಕ್ಲಬ್ಬಿನಲ್ಲಿ ಒಂದೇ ರಾತ್ರಿಗೆ ಮುಗಿಸಿದ್ದು.
ಗೋಡೆಯಾಚೆ ಹಾಲು ತಂಪು ಮಾಡುವ ಯಂತ್ರ;
ಅದನ್ನು ನಿಲ್ಲಿಸಲು ಅಧ್ಯಕ್ಷರ ಅಪ್ಪಣೆ ಸಿಗಲಿಲ್ಲ.
ಹಾಗಾಗಿ ಇಡೀ ಆಲ್ಬಮ್ಮಿಗೆ ಆ ಯಂತ್ರದ್ದೇ ಶ್ರುತಿ,
ಗಿಟಾರಿನವನು ಅದಕ್ಕೇ ತಂತಿ ಬಿಗಿದುಕೊಂಡ.
ಕಿವಿ ಒಗ್ಗಿದ ಮೇಲೆ
ಮನೆಯ ಫ್ರಿಜ್ಜು ಅಪಸ್ವರ ಅನ್ನಿಸುತ್ತದೆ.

ಇದು ರೀಗಾದ್ದು. ಆರನೇ ಹಾಡಿನ ನಡುವೆ
ಡ್ರಮ್ಮಿನವನು ಜಗಳವಾಡಿ ಎದ್ದು ಹೋಗಿದ್ದಾನೆ.
ಬಾಗಿಲು ಬಡಿದದ್ದೂ ಕೇಳುತ್ತದೆ, ತಾಳಕ್ಕೆ ಸರಿಯಾಗಿ.
ಆಮೇಲಿನ ನಾಲ್ಕರಲ್ಲಿ ಅವನಿಲ್ಲ,
ಅವನು ಬಿಟ್ಟ ಜಾಗ ಇದೆ.
ಉಳಿದ ಮೂವರು ಅದನ್ನು ತುಳಿಯದೆ ಬಳಸಿ ಹೋಗುತ್ತಾರೆ,
ಈಗಷ್ಟೇ ಒರೆಸಿದ ನೆಲದ ಹಾಗೆ.

ಯಾಕೆ ಹೆಸರಾಗಲಿಲ್ಲ ಅಂತ ಕೇಳಬೇಡ.
ಮುಖಪುಟ ಕೆಟ್ಟದ್ದು, ಅದೊಂದು ಕಾರಣ.
ಇನ್ನೊಂದು, ನನ್ನಂಥವರು.
ಇಪ್ಪತ್ತು ವರ್ಷ ನಾನೊಬ್ಬನೇ ಹೊಗಳಿದ ಮೂವರು ಹುಡುಗಿಯರು
ಒಂದು ಬೇಸಿಗೆ ಹೆಲ್ಸಿಂಕಿಯ ಕಾಫಿ ಜಾಹೀರಾತಿಗೆ ಸಿಕ್ಕರು.
ಊರೆಲ್ಲ ಗುನುಗಿತು.
ನಾನು ಒಂದು ವಾರ ಅಂಗಡಿ ತೆರೆಯಲಿಲ್ಲ,
ಮಗಳ ಮದುವೆಯಲ್ಲಿ ಮುಖ ಊದಿಸಿಕೊಂಡು ಕೂತ ಅಪ್ಪನ ಹಾಗೆ.

ಉರ್ವೆ ಅಂತ ಒಬ್ಬಳಿದ್ದಳು.
ಗ್ರಂಥಾಲಯದಲ್ಲಿ ಪುಸ್ತಕಗಳ ಬೆನ್ನು ಹೊಲಿಯುವ ಕೆಲಸ.
ಮೂವತ್ತೊಂದು ವರ್ಷ, ಶುಕ್ರವಾರ ಸಂಜೆ,
ನಾನು ಕೊಟ್ಟದ್ದನ್ನು ಒಯ್ಯುವಳು,
ಮುಂದಿನ ಶುಕ್ರವಾರ ‘ಪರವಾಗಿಲ್ಲ’ ಅನ್ನುವಳು.
ಅಷ್ಟೇ.
ಯಾವ ‘ಪರವಾಗಿಲ್ಲ’ ಯಾವುದಕ್ಕಿಂತ ಒಂದು ಕೂದಲು ಮೇಲು
ಅಂತ ನಾನು ಲೆಕ್ಕ ಇಟ್ಟಿದ್ದೆ.

ತಣ್ಣನೆಯ ಹಾಲು ಕೊಟ್ಟಾಗ ಹೇಳಿದ್ದೆ:
ಮೊದಲ ಬದಿ, ಮೂರನೆಯದನ್ನು ಬಿಟ್ಟುಬಿಡು.
ಅಕಾರ್ಡಿಯನ್ ಇದೆ, ಅಳು ಇದೆ,
ಕ್ಲಬ್ಬಿನ ಅಡುಗೆಯವಳಿಂದ ಹಾಡಿಸಿದ್ದಾರೆ,
ಉಳಿದದ್ದಕ್ಕೆ ಹೊಂದುವುದಿಲ್ಲ.
ತಲೆಯಾಡಿಸಿದ್ದಳು.

ಹೋದ ನವೆಂಬರಿನಲ್ಲಿ ಅವಳ ತಂಗಿಯ ಮಗ
ಎಲ್ಲವನ್ನೂ ಬಾಳೆಹಣ್ಣಿನ ರಟ್ಟುಡಬ್ಬಗಳಲ್ಲಿ ತಂದು ಇಳಿಸಿದ.
ತೂಕಕ್ಕೆ ಹಾಕಲಾ ಅಂತ ಕೇಳಿದ.
ಒಂದೊಂದನ್ನೇ ದೀಪದ ಕೆಳಗೆ ಓರೆಯಾಗಿ ಹಿಡಿದೆ,
ಅದು ನಮ್ಮ ಕಸುಬು, ಗೆರೆ ಎಷ್ಟು ಸವೆದಿದೆ ನೋಡಿ ಬೆಲೆ ಕಟ್ಟುವುದು.
ನಾನು ಕುಣಿದಾಡಿ ಕೊಟ್ಟವೆಲ್ಲ ಕನ್ನಡಿಯ ಹಾಗಿದ್ದವು,
ಒಂದೇ ಸಲ ಮುಳ್ಳು ಹಾದಿತ್ತು, ಮರ್ಯಾದೆಗೆ.
ರೀಗಾದ್ದು ಕೂಡ.

ತಣ್ಣನೆಯ ಹಾಲು ಮಾತ್ರ,
ಎರಡನೆಯದು ಕರಿ, ನಾಲ್ಕನೆಯದು ಕರಿ,
ನಡುವಿನ ಮೂರನೆಯದು
ಬೂದಿ ಬಣ್ಣ.
ನಡೆದು ನಡೆದು ಹುಲ್ಲು ಸತ್ತ ಕಾಲುದಾರಿ.
ಒಬ್ಬಳೇ ನಡೆದದ್ದು.

ನಾಲ್ಕು ದಿನ ಅದನ್ನು ಹಾಕಲಿಲ್ಲ. ಆಮೇಲೆ ಹಾಕಿದೆ.
ಅಡುಗೆಯವಳ ದನಿ ಹೆಚ್ಚೇನೂ ಉಳಿದಿಲ್ಲ,
ಎಣ್ಣೆಯಲ್ಲಿ ಏನೋ ಹುರಿಯುವ ಸದ್ದು, ಅದರ ಹಿಂದೆ ಯಾರೋ.
ಈಗಲೂ ನನಗದು ಹಿಡಿಸಿಲ್ಲ, ಸುಳ್ಳು ಯಾಕೆ ಹೇಳಲಿ.
ಆದರೆ ಪದಗಳು ಬಾಯಿಗೆ ಬಂದಿವೆ.

ಇಲ್ಲ, ಆ ಪ್ರತಿ ಮಾರಾಟಕ್ಕಿಲ್ಲ.
ನಿನಗೆ ಬೇರೆ ಕೊಡುತ್ತೇನೆ. ಮುನ್ನೂರು ಒತ್ತಿದ್ದರು,
ನಲವತ್ತು ಇಲ್ಲೇ ಬಿದ್ದಿವೆ.
ಎಂಟು ಯೂರೋ. ಹೋಗಲಿ, ಏಳು ಕೊಡು.
ಶುಕ್ರವಾರ ಬಂದು ಹೇಳು.
ಮತ್ತೆ ನೋಡು, ಮೊದಲ ಬದಿ,
ಆ ಮೂರನೆಯದು ಇದೆಯಲ್ಲ,
ಅದನ್ನು ಬಿಟ್ಟುಬಿಡು.